ಮೂಲೆ ಕತ್ತರಿಸದ ಹಾಯಿ

ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಗಡಗಡ ಸದ್ದಿನ ಪಕ್ಕದಲ್ಲೇ, ಕಿಟಕಿ ಇಲ್ಲದ ಒಂದು ಕೋಣೆ. ಅಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಹರಿದ ಬೆಡ್‌ಶೀಟು, ದಿಂಬಿನ ಚೀಲ, ಡಾಕ್ಟರರ ಕೋಟು ಎಲ್ಲಕ್ಕೂ ತೇಪೆ ಹಾಕುವ ಹೆಂಗಸಿಗೆ ತೇಪೆ ಅಕ್ಕ ಎಂದೇ ಹೆಸರು. ಸಂಬಳದ ದಿನ ಸಹಿ ಹಾಕುವಾಗ ಮಾತ್ರ ಅವಳಿಗೆ ಇನ್ನೊಂದು ಹೆಸರಿದೆ ಎಂದು ಉಳಿದವರಿಗೆ ನೆನಪಾಗುತ್ತಿತ್ತು. ತೇಪೆ ಹಾಕಿಯೂ ಉಳಿಯದಷ್ಟು ಜೀರ್ಣವಾದ ಬಟ್ಟೆಯನ್ನು ಚಿಂದಿಯ ಗಂಟಿಗೆ ಹಾಕುವುದೂ ಅವಳದೇ ಕೆಲಸ. ಹಾಕುವ ಮುಂಚೆ ಒಂದು ನಿಯಮ: ಪ್ರತಿ ಬಟ್ಟೆಯ ಒಂದು ಮೂಲೆಯಲ್ಲಿ ಆಸ್ಪತ್ರೆಯ ಹೆಸರು, ವಾರ್ಡಿನ ಹೆಸರು ಕಪ್ಪು ಶಾಯಿಯಲ್ಲಿ ಮುದ್ರೆಯಾಗಿರುತ್ತದೆ. ಒಗೆಯುವ ಸೋಡಾದಲ್ಲಿ ಕುದಿಸಿದರೂ ಹೋಗದ ಶಾಯಿ ಅದು. ಆ ಮೂಲೆಯನ್ನು ಕತ್ತರಿಸಿ ತೆಗೆಯಬೇಕು. ಮೂಲೆ ಹೋದ ಬಟ್ಟೆಗೆ ಹಿಂದಿಲ್ಲ ಮುಂದಿಲ್ಲ. ಅದು ಯಾರ ಹಾಸಿಗೆಯದು, ಯಾವ ರೋಗದ್ದು ಎಂದು ಆಮೇಲೆ ಯಾರೂ ಕೇಳುವಂತಿಲ್ಲ.

ತನ್ನ ಬದುಕಿಗೂ ಅಂಥದ್ದೊಂದು ಮೂಲೆ ಇದ್ದರೆ ತೇಪೆ ಅಕ್ಕ ಅದನ್ನು ಎಂದೋ ಕತ್ತರಿಸಿ ಎಸೆಯುತ್ತಿದ್ದಳು. ಅವಳಿಗೆ ತನ್ನ ಕೆಲಸದ ಬಗ್ಗೆ ಅಷ್ಟು ನಾಚಿಕೆ. ಕಳ್ಳತನವಲ್ಲ, ಸುಳ್ಳಲ್ಲ, ಯಾರ ತಲೆ ಒಡೆಯುವ ಕೆಲಸವೂ ಅಲ್ಲ. ಆದರೂ ನಾಚಿಕೆ. ಮನೆಗೆ ಹೊರಡುವ ಮುಂಚೆ ಕೈಯನ್ನು ಸೋಪಿನಿಂದ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು, ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಉಳಿದರೆ ತನ್ನ ಮೈಯ ಸೋಡಾ ವಾಸನೆಗೇ ಇರಬೇಕು ಎಂದುಕೊಳ್ಳುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ. ಬೀದಿಯವರು ಕೆಲಸ ಎಲ್ಲಿ ಎಂದು ಕೇಳಿದರೆ "ಆಸ್ಪತ್ರೇಲಿ" ಎಂದಷ್ಟೇ ಹೇಳಿ ಬಾಯಿ ಮುಚ್ಚುತ್ತಿದ್ದಳು. ನರ್ಸ್ ಇರಬೇಕು ಎಂದು ಅವರು ತಿಳಿದರು, ತಿಳಿಯಲಿ ಎಂದು ಇವಳು ಬಿಟ್ಟಳು. ಒಮ್ಮೆ ಎದುರುಮನೆಯವಳು ಮಗುವಿನ ಜ್ವರಕ್ಕೆ ಏನು ಮಾಡಲಿ ಎಂದು ಓಡಿಬಂದಾಗ ಬೆವರುತ್ತಾ "ಬಿಸಿನೀರು ಕುಡಿಸಿ, ಡಾಕ್ಟರಿಗೆ ತೋರಿಸಿ" ಎಂದಿದ್ದಳು. ಮಗು ಗುಣವಾಯಿತು. ಅಂದಿನಿಂದ ಆ ಬೀದಿಯಲ್ಲಿ ಇವಳ ಕೈಗುಣಕ್ಕೆ ಹೆಸರು ಬಂತು, ಇವಳಿಗೆ ಎದುರುಮನೆಯ ಮುಂದೆ ಹಾದುಹೋಗುವುದೇ ಕಷ್ಟವಾಯಿತು.

ಗಂಡ ಬೇಗ ಹೋಗಿಬಿಟ್ಟಿದ್ದ. ಇದ್ದೊಬ್ಬಳು ಮಗಳು ಇದೇ ತೇಪೆಯ ಸಂಬಳದಲ್ಲಿ ಓದಿ, ಕಾಲೇಜಿನಲ್ಲಿ ಪಾಠ ಹೇಳುವಷ್ಟಾದಳು. ಒಳ್ಳೆಯ ಗಂಡ ಸಿಕ್ಕಿದ, ಒಬ್ಬ ಮಗನೂ ಆದ. ಈಚೆಗೆ ಹೊಸ ಬಡಾವಣೆಯಲ್ಲಿ ದೊಡ್ಡ ಹಾಲ್ ಇರುವ ಮನೆ ಹಿಡಿದಿದ್ದರು. ತೇಪೆ ಅಕ್ಕ ಅಲ್ಲಿಗೆ ಹೋದಾಗಲೆಲ್ಲ ಕಾರು ನಿಲ್ಲಿಸುವ ಜಾಗದ ಮೂಲಕ ಬಂದು ಅಡುಗೆಮನೆಯ ಬಾಗಿಲು ತಟ್ಟುತ್ತಿದ್ದಳು. ಮಗಳು ಬೈಯುತ್ತಿದ್ದಳು. ಇವಳು "ಚಪ್ಪಲಿ ಧೂಳಾಗಿದೆ ಕಣೇ" ಅನ್ನುತ್ತಿದ್ದಳು.

ಒಂದು ಭಾನುವಾರ ಮಗಳು ಚಹಾ ಸುರಿಯುತ್ತಾ ಹೇಳಿದಳು, "ಅಮ್ಮಾ, ಪುಟ್ಟನ ಹುಟ್ಟಿದಹಬ್ಬಕ್ಕೆ ಅವನಿಗೆ ಕಡಲ್ಗಳ್ಳರ ಪಾರ್ಟಿ ಬೇಕಂತೆ. ಹಡಗು, ಬಾವುಟ, ನಿಧಿ ಪೆಟ್ಟಿಗೆ, ಎಲ್ಲಾ."

"ಕಳ್ಳರ ಪಾರ್ಟೀನಾ? ಹಂಗಾದ್ರೆ ಪೊಲೀಸರ್ನೂ ಕರೀಬೇಕಲ್ಲೇ."

"ತಮಾಷೆ ಬೇಡ. ಡೆಕೊರೇಷನ್‌ನೋರನ್ನ ಕರೆಸೋಣ ಅಂತಾರೆ ಇವ್ರು. ನಾನು ಬೇಡ ಅಂದೆ. ನೀನೇ ಮಾಡಿಕೊಡು."

"ನಾನಾ? ನಂಗೇನು ಬರುತ್ತೆ?"

"ಚಿಕ್ಕೋಳಿದ್ದಾಗ ಮುರಿದ ಛತ್ರೀಲಿ ನಂಗೆ ಬಾವಲಿ ಮಾಡಿಕೊಟ್ಟಿರ್ಲಿಲ್ವಾ? ಇಡೀ ಬೀದಿ ಮಕ್ಕಳು ಕ್ಯೂ ನಿಂತಿದ್ರು. ಮಾಡು. ಕೇಕ್ ಕತ್ತರಿಸೋ ಹೊತ್ತಿಗೆ ಎಲ್ಲರ ಮುಂದೆ ನಿಲ್ಲಿಸಿ, ಇದೆಲ್ಲಾ ಮಾಡಿದ್ದು ನಮ್ಮಮ್ಮ ಅಂತ ಹೇಳ್ತೀನಿ. ಪುಟ್ಟನ ಸ್ಕೂಲಿನೋರು ಯಾರೂ ನಿನ್ನ ನೋಡೇ ಇಲ್ಲ."

ತೇಪೆ ಅಕ್ಕನ ಎದೆ ಒಮ್ಮೆ ಉಬ್ಬಿತು, ಮರುಕ್ಷಣವೇ ಒಳಗೆ ಸರಿಯಿತು. ಅಷ್ಟು ಜನರ ಮುಂದೆ ನಿಲ್ಲಬೇಕು. ಯಾರಾದರೂ ನೀವೇನು ಮಾಡ್ತೀರಿ ಎಂದು ಕೇಳುತ್ತಾರೆ. ಮಗಳ ಮರ್ಯಾದೆ ತನ್ನಿಂದ ಒಂದು ನೂಲಿನಷ್ಟೂ ಕಡಿಮೆಯಾಗಬಾರದು. ಅದೊಂದೇ ಅವಳ ಹಟ. ಆದರೂ ಆಸೆ ಯಾರಪ್ಪನ ಮನೆಯದು? ಎಲ್ಲರ ಮುಂದೆ ಮಗಳು "ನಮ್ಮಮ್ಮ" ಎನ್ನುವುದನ್ನು ಒಮ್ಮೆ ಕೇಳಬೇಕು ಎನಿಸಿತು. ಒಪ್ಪಿಕೊಂಡಳು.

ಆಮೇಲೆ ಅವಳ ಒಂದೂವರೆ ಕೋಣೆಯ ಮನೆಯಲ್ಲಿ ಕಾಲಿಡಲು ಜಾಗ ಉಳಿಯಲಿಲ್ಲ. ಪಾತ್ರೆ ಅಂಗಡಿಯವನು ಹಿತ್ತಲಿಗೆ ಎಸೆದಿದ್ದ ಫ್ರಿಜ್ಜಿನ ರಟ್ಟಿನ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ತಂದಳು. ಅದು ಹಡಗಿನ ಹೊಟ್ಟೆಯಾಯಿತು. ಸೈಕಲ್ಲಿನ ತುಕ್ಕು ಹಿಡಿದ ಗಾಲಿಗೆ ಮುರಿದ ಕುರ್ಚಿಯ ಕಾಲುಗಳನ್ನು ತಂತಿಯಿಂದ ಬಿಗಿದಳು. ಚುಕ್ಕಾಣಿ ಚಕ್ರ ಸಿದ್ಧ. ಈರುಳ್ಳಿ ಬರುವ ಬಲೆಚೀಲಗಳನ್ನು ಬಿಚ್ಚಿ ಜೋಡಿಸಿ ಮೀನಿನ ಬಲೆ ಮಾಡಿದಳು, ಸೋಡಾ ಬಾಟಲಿಯ ಮುಚ್ಚಳಗಳಿಗೆ ಚಾಕೊಲೇಟಿನ ಹೊಳೆಯುವ ಕಾಗದ ಸುತ್ತಿ ಚಿನ್ನದ ನಾಣ್ಯ ಮಾಡಿದಳು. ಯಾರದೋ ಹಸಿರು ಸ್ವೆಟರ್ ಗಿಳಿಯಾಗಿ, ಎದೆಯಲ್ಲಿ ಹತ್ತಿ ತುಂಬಿಸಿಕೊಂಡು, ಒಂದು ಕಣ್ಣಿಗೆ ಕೋಟಿನ ಗುಂಡಿ, ಇನ್ನೊಂದಕ್ಕೆ ಅಂಗಿಯ ಗುಂಡಿ ಇಟ್ಟುಕೊಂಡು ಕಪಾಟಿನ ಮೇಲೆ ಕೂತಿತು. ಮುರಿದ ಛತ್ರಿಗಳ ಕಪ್ಪು ಬಟ್ಟೆಯ ಮೇಲೆ ತಲೆಬುರುಡೆ ಕತ್ತರಿಸಿ ಹೊಲಿದಳು. ಬುರುಡೆ ನಗುತ್ತಿತ್ತು. ಮಕ್ಕಳು ಹೆದರಬಾರದಲ್ಲ.

ಉಳಿದದ್ದು ಹಾಯಿ. ಅದಕ್ಕೆ ಅಗಲವಾದ, ಮೆತ್ತಗಿನ, ಹಳೆಯ ಬಟ್ಟೆ ಬೇಕು. ಬಸ್ ನಿಲ್ದಾಣದ ಹಿಂದಿನ ಹಳೆ ಸಾಮಾನಿನ ಅಂಗಡಿಗೆ ಹೋದಳು. ಅಲ್ಲಿನ ಮುದುಕ, ಎಲ್ಲರ ಬಾಯಲ್ಲೂ ಡಬ್ಬಾ ತಾತ, ಆಸ್ಪತ್ರೆಯ ಚಿಂದಿಯ ಗಂಟನ್ನೂ ಕೊಳ್ಳುತ್ತಿದ್ದವನು. ಗಂಟು ಬಿಚ್ಚಿ ಮುಂದೆ ಹರವಿದ.

"ಇದೇನಕ್ಕಾ, ನೀನೇ ಬಿಸಾಕಿದ್ದನ್ನ ನೀನೇ ಕೊಂಡ್ಕೊಳ್ತಿದ್ದೀಯಾ? ನಿನ್ನಂಥ ಗಿರಾಕಿ ಇದ್ರೆ ನಾನು ಬಂಗಲೆ ಕಟ್ತೀನಿ."

"ಮೆತ್ತಗೆ ಮಾತಾಡೋ ಮಾರಾಯ," ಎಂದು ಅತ್ತಿತ್ತ ನೋಡಿ, ನಾಲ್ಕೈದು ಬೆಡ್‌ಶೀಟು ಆರಿಸಿ ಚೀಲದ ತಳಕ್ಕೆ ತುರುಕಿದಳು. ಆ ಬಟ್ಟೆ ಎಷ್ಟು ಸಲ ಕುದಿದಿದೆ, ಎಷ್ಟು ಸಲ ಇಸ್ತ್ರಿಯ ಉರಿಯಲ್ಲಿ ಬೆಂದಿದೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮನೆಗೆ ತಂದು ತಾನೂ ಇನ್ನೊಮ್ಮೆ ಕುದಿಸಿದಳು. ಚಹಾ ಪುಡಿಯ ನೀರಲ್ಲಿ ನೆನೆಹಾಕಿ ಹಳೆಯ ಹಡಗಿನ ಬಣ್ಣ ಬರಿಸಿದಳು.

ಒಣಗಿದ ಮೇಲೆ ನೋಡಿದರೆ, ಒಂದು ಬೆಡ್‌ಶೀಟಿನಲ್ಲಿ ಮೂಲೆ ಹಾಗೇ ಇತ್ತು. ತಾನೇ ಎಂದೋ ಕತ್ತರಿಸುವುದನ್ನು ಮರೆತು ಗಂಟಿಗೆ ಹಾಕಿದ್ದು. ಚಹಾದ ಕಂದು ಬಣ್ಣದ ನಡುವೆ ಕಪ್ಪು ಅಕ್ಷರ ಇನ್ನಷ್ಟು ಎದ್ದು ಕಾಣುತ್ತಿತ್ತು. ಕತ್ತರಿ ಎತ್ತಿಕೊಂಡಳು. ಆದರೆ ಜೀವಮಾನವೆಲ್ಲ ಬಟ್ಟೆ ಉಳಿಸುವುದೇ ಕೆಲಸವಾದವಳ ಕೈ ಬೇರೆ ಲೆಕ್ಕ ಹಾಕಿತು. ಇಡೀ ಬೆಡ್‌ಶೀಟು ಸವೆದು ಈರುಳ್ಳಿ ಸಿಪ್ಪೆಯಾಗಿದೆ. ಗಟ್ಟಿ ಉಳಿದದ್ದು ಈ ಒಂದು ಮೂಲೆ. ಇಲ್ಲಿ ಅಂಚು ಎರಡು ಮಡಿಕೆ, ಒಳಗೆ ಪಟ್ಟಿ ಬೇರೆ ಇದೆ. ಹಾಯಿಯ ಹಗ್ಗ ಕಟ್ಟುವುದು ಮೂಲೆಗೇ. ಅಲ್ಲಿ ಬಟ್ಟೆ ಗಟ್ಟಿ ಇಲ್ಲದಿದ್ದರೆ ಮಕ್ಕಳು ಒಂದು ಸಲ ಜಗ್ಗಿದರೆ ಸಾಕು. ಅಕ್ಷರವನ್ನು ಒಳಮುಖವಾಗಿ ಮಡಿಸಿ, ಜೋಡಿ ದಾರ ಹಾಕಿ ಹೊಲಿದುಬಿಟ್ಟಳು. ಹಗ್ಗ ಹಾಯಲು ತೂತು ಮಾಡಿದಳು. ಹೊರಗಿನಿಂದ ಏನೂ ಕಾಣಲಿಲ್ಲ. ಎಳೆದು ನೋಡಿದಳು, ಗಟ್ಟಿಯಿತ್ತು. ತನ್ನ ಬುದ್ಧಿಗೆ ತಾನೇ ತಲೆದೂಗಿದಳು.

ಪಾರ್ಟಿಯ ದಿನ ಬೆಳಗ್ಗೆಯೇ ಅಳಿಯ ವ್ಯಾನು ಮಾಡಿ ಎಲ್ಲವನ್ನೂ ಸಾಗಿಸಿದ. ಹಾಲಿನ ಸೋಫಾಗಳನ್ನು ಗೋಡೆಗೆ ಒತ್ತರಿಸಿ ನಡುವೆ ಹಡಗು ನಿಲ್ಲಿಸಿದರು. ಪರದೆಯ ಕೋಲು ಹಾಯಿಕಂಬವಾಯಿತು, ಹಾಯಿ ಮೇಲೇರಿತು. ಪುಟ್ಟ ಒಂದು ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು, ಪರದೆಯ ಬಳೆಯನ್ನು ಕಿವಿಗೆ ಸಿಕ್ಕಿಸಿಕೊಂಡು, ಹಡಗಿನ ಸುತ್ತ ಕುಣಿದ. "ಅಜ್ಜಿ, ನೀನೂ ಕಳ್ಳಿ ಆಗ್ಬೇಕು," ಎಂದ. ಆಗಲಿ ಎಂದು ಅವಳು ತಲೆಗೊಂದು ಕೆಂಪು ಬಟ್ಟೆ ಕಟ್ಟಿಕೊಂಡಳು. ಮಗಳು ಅವಳನ್ನು ನೋಡಿ ಬಿದ್ದು ಬಿದ್ದು ನಕ್ಕಳು. ಅಷ್ಟು ನಕ್ಕದ್ದನ್ನು ತೇಪೆ ಅಕ್ಕ ಕಂಡು ಬಹಳ ಕಾಲವಾಗಿತ್ತು.

ಜನ ಬರತೊಡಗಿದ್ದೇ ಅವಳು ಕೆಂಪು ಬಟ್ಟೆ ಬಿಚ್ಚಿ ಅಡುಗೆಮನೆ ಸೇರಿದಳು. ಬಿಸ್ಕತ್ತು ಜೋಡಿಸುವ ನೆಪದಲ್ಲಿ ಬಾಗಿಲ ಸಂದಿಯಿಂದ ಕಿವಿಗೊಟ್ಟಳು. "ಎಲ್ಲಿ ಮಾಡಿಸಿದ್ರಿ ಇದನ್ನ?" "ಅಯ್ಯೋ ಆ ಗಿಳಿ ನೋಡ್ರಿ!" ಬ್ಯಾಂಕಿನಲ್ಲಿ ಮ್ಯಾನೇಜರ್ ಅಂತೆ, ಎತ್ತರದ ಹೆಂಗಸೊಬ್ಬಳು, ಹಡಗನ್ನು ಮೂರು ಸುತ್ತು ಸುತ್ತಿದಳು. "ನಮ್ಮ ಮಗಳ ಹುಟ್ಟಿದಹಬ್ಬಕ್ಕೂ ಇವರನ್ನೇ ಕರೆಸ್ತೀನಿ. ನಂಬರ್ ಕೊಡಿ." ಮಗಳು ನಗುತ್ತಾ, "ಯಾರು ಅಂತ ಕೇಕ್ ಕತ್ತರಿಸುವಾಗ ಹೇಳ್ತೀನಿ, ಸ್ವಲ್ಪ ತಾಳಿ," ಎಂದಳು. ಒಳಗೆ ತೇಪೆ ಅಕ್ಕನ ಕೈಯ ಬಿಸ್ಕತ್ತು ಪುಡಿಯಾಯಿತು. ಕೂದಲು ಸರಿಮಾಡಿಕೊಂಡಳು. ಒಡೆದ ಬೆರಳುಗಳಿಗೆ ಒಂದಿಷ್ಟು ಎಣ್ಣೆ ಸವರಿದಳು.

ಅಷ್ಟರಲ್ಲಿ ಕಡಲ್ಗಳ್ಳರು ಹಡಗು ಹೊರಡಿಸಲು ನಿರ್ಧರಿಸಿದ್ದರು. ಏಳೆಂಟು ಮಕ್ಕಳು ಹಗ್ಗಕ್ಕೆ ಜೋತುಬಿದ್ದರು. ಆ ಮೂಲೆ ಹರಿಯಲಿಲ್ಲ. ಅವಳ ಲೆಕ್ಕ ಅಷ್ಟರ ಮಟ್ಟಿಗೆ ಸರಿಯಾಗಿಯೇ ಇತ್ತು. ಕಂಬವೇ ಬಾಗಿ, ಹಾಯಿ ಮಕ್ಕಳ ತಲೆಯ ಮೇಲೆ ಬಿತ್ತು. ಮಡಿಕೆಯ ಹೊಲಿಗೆ ಮಾತ್ರ ಪರ್ರನೆ ಬಿಚ್ಚಿಕೊಂಡಿತು. ಮಕ್ಕಳಿಗೆ ಮೋಜೋ ಮೋಜು, ಅದರೊಳಗೇ ಹೊರಳಾಡಿದರು, ಒಬ್ಬ ಅದರಲ್ಲಿ ಮೂಗೂ ಒರೆಸಿಕೊಂಡ. ಬ್ಯಾಂಕಿನ ಹೆಂಗಸಿನ ಮಗಳು, ಎರಡು ಜಡೆಯ ಪುಟಾಣಿ, ಹೊಸದಾಗಿ ಓದಲು ಕಲಿತವಳು. ಆ ವಯಸ್ಸಿನವರ ಕಣ್ಣಿಗೆ ಅಕ್ಷರ ಬಿದ್ದರೆ ಮುಗಿಯಿತು, ಓದದೆ ಬಿಡುವುದಿಲ್ಲ. ಮೂಲೆ ಹಿಡಿದು ಬೆರಳಿಟ್ಟು ಜೋರಾಗಿ ಓದಿದಳು:

"ಆ... ಸ್ಪ... ತ್ರೆ. ಸೋಂ... ಕು... ವಾ... ರ್ಡು. ಅಮ್ಮಾ, ಸೋಂಕು ಅಂದ್ರೇನು?"

ಬ್ಯಾಂಕಿನ ಹೆಂಗಸು ಬಂದು ಆ ಮೂಲೆಯನ್ನು ಎರಡೇ ಬೆರಳಲ್ಲಿ ಎತ್ತಿ ಓದಿದಳು, ಬಿಟ್ಟಳು, ಕೈಯನ್ನು ಮೈಯಿಂದ ದೂರ ಹಿಡಿದಳು. "ಇದು ಆಸ್ಪತ್ರೆ ಬೆಡ್‌ಶೀಟು! ಸೋಂಕು ವಾರ್ಡಿಂದು! ಮಕ್ಕಳು ಮುಖಕ್ಕೆಲ್ಲಾ ಸುತ್ಕೊಂಡಿದ್ದಾರೆ!"

ಮುಂದೆ ನಡೆದದ್ದು ಹಡಗು ಮುಳುಗುವಾಗ ನಡೆಯುವಂಥದ್ದೇ. ಒಬ್ಬಳು ಮಗುವನ್ನು ಎಳೆದುಕೊಂಡಳು, ಇನ್ನೊಬ್ಬಳು ಮಗುವಿನ ಅಂಗಿಯನ್ನೇ ಬಿಚ್ಚಿದಳು. ಅಳಿಯ ಕಡಲ್ಗಳ್ಳರನ್ನೆಲ್ಲ ಸಾಲಾಗಿ ಬಚ್ಚಲಿಗೆ ಕರೆದೊಯ್ದು ನಲ್ಲಿ ತಿರುಗಿಸಿದ. ಕಣ್ಣಿನ ಕಪ್ಪು ಪಟ್ಟಿ ಒದ್ದೆಯಾಗಿ, ಕೆನ್ನೆಯ ಮೇಲೆ ಬಳಿದ ಮೀಸೆ ಕರಗಿ, ಅರ್ಧ ಜನ ಅಳುತ್ತಿದ್ದರು. ಪುಟ್ಟ "ಅಪ್ಪಾ, ನಾವೆಲ್ಲಾ ಸತ್ತೋಗ್ತೀವಾ?" ಎಂದು ಕೇಳುತ್ತಿದ್ದುದು ಅಡುಗೆಮನೆಗೂ ಕೇಳಿಸಿತು.

ತೇಪೆ ಅಕ್ಕ ಬಿಸ್ಕತ್ತಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅದು ಶುದ್ಧವಾದ ಬಟ್ಟೆ, ಈ ಮನೆಯ ಸೋಫಾ ಹೊದಿಕೆಗಿಂತ ಶುದ್ಧ ಎಂದು ಹೇಳಬಹುದಿತ್ತು. ಆದರೆ ಹೇಳಬೇಕಾದರೆ ಹೇಗೆ ಗೊತ್ತು ಎಂದೂ ಹೇಳಬೇಕು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಇಲ್ಲಿ ಒಂದು ಮೂಲೆ ಬಟ್ಟೆಗೆ ಹೋಗಿತ್ತು, ಅದೂ ಅವಳದಲ್ಲ, ಮಗಳದು.

"ಯಾರ್ರೀ ಇದನ್ನೆಲ್ಲಾ ಮಾಡಿದ್ದು?" ಬ್ಯಾಂಕಿನ ಹೆಂಗಸು ತೇಪೆ ಅಕ್ಕನ ಮಗಳತ್ತ ತಿರುಗಿದಳು. "ಹೆಸರು ಹೇಳಿ. ಇಂಥೋರನ್ನ ಸುಮ್ನೆ ಬಿಡಬಾರ್ದು."

ಮಗಳು ಬಾಯಿ ತೆರೆದಳು. ಅವಳ ತುಟಿ ಅಲುಗಿದ್ದನ್ನು ತೇಪೆ ಅಕ್ಕ ನೋಡಿದಳು. ಬರುವ ಮಾತು ಯಾವುದೆಂದು ಗೊತ್ತಿತ್ತು. ಇಷ್ಟು ದಿನ ಕಾದದ್ದೇ ಆ ಮಾತಿಗೆ. ಈಗ ಅದು ಬರಬಾರದು. ತಟ್ಟೆಯನ್ನು ಎಲ್ಲಿಟ್ಟಳೋ, ಓಡಿಬಂದು ನಡುವೆ ನಿಂತಳು.

"ನಾನು ಮೇಡಂ. ನಾನೇ ಮಾಡಿದ್ದು. ನಾನು ಡೆಕೊರೇಷನ್ ಕೆಲಸದೋಳು. ಇವ್ರಿಗೆ ಏನೂ ಗೊತ್ತಿಲ್ಲ, ಬಟ್ಟೆ ತಂದಿದ್ದು ನಾನು." ಮಗಳ ಕಡೆ ಕೈಮುಗಿದಳು. "ತಪ್ಪಾಯ್ತು ಮೇಡಂ. ಕ್ಷಮಿಸ್ಬಿಡಿ."

ಸುಳ್ಳು ಸಲೀಸಾಗಿ ಬಂತು. ತಲೆ ತಗ್ಗಿಸಿ ನಿಂತವಳಿಗೆ, ಬೈಗುಳ ತನ್ನ ಮೇಲೆ ಬೀಳುತ್ತಿದ್ದಂತೆ, ಒಳಗೆಲ್ಲೋ ಸಮಾಧಾನವೂ ಆಯಿತು. ಬ್ಯಾಂಕಿನ ಹೆಂಗಸು ಬೈದಳು: ನಾಚಿಕೆ ಆಗಲ್ವಾ, ಮಕ್ಕಳು ಮರಿ ಇಲ್ವಾ ನಿಮಗೆ, ಚಿಂದಿ ತಂದು ಮನೆಯೊಳಗೆ ಕಟ್ಟೋದಾ. ಬೈಯಲಿ. ಮಗಳು ಪಾರಾದಳಲ್ಲ. ಬೈಗುಳ ಮುಗಿಯುವ ತನಕ ಕಾದು, ಹಾಯಿಯನ್ನು ಮಡಿಸಿ ಎತ್ತಿಕೊಂಡು ಹೋಗಿಬಿಡೋಣ ಎಂದು ಬಗ್ಗಿದಳು.

"ಬಿಡು ಅದನ್ನ," ಎಂದಳು ಮಗಳು.

ದನಿ ಜೋರಾಗಿರಲಿಲ್ಲ. ತೇಪೆ ಅಕ್ಕ ತಲೆಯೆತ್ತಿದಳು. ಪಾರಾದವಳ ಮುಖ ಅದಾಗಿರಲಿಲ್ಲ. ಸಿಟ್ಟೂ ಅಲ್ಲ. ಕೆನ್ನೆಗೆ ಹೊಡೆಸಿಕೊಂಡ ಹುಡುಗಿಯ ಮುಖ.

"ಮತ್ತೆ ಅದೇನಾ ಅಮ್ಮಾ?"

ಬ್ಯಾಂಕಿನ ಹೆಂಗಸು ಇಬ್ಬರನ್ನೂ ನೋಡಿದಳು. ಸೋಫಾದ ಬದಿಯಲ್ಲಿ ಮಗುವಿಗೆ ಅಂಗಿ ಹಾಕುತ್ತಿದ್ದವಳ ಕೈ ನಿಂತಿತು.

"ಮತ್ತೆ ಅಂದ್ರೆ? ಏನು ಹೇಳ್ತಿದ್ದೀರಿ ಮೇಡಂ," ಎಂದು ತೇಪೆ ಅಕ್ಕ ಕಣ್ಣಲ್ಲೇ ಬೇಡಿದಳು.

"ಶಾಲೇಲಿ ನಂಗೆ ಜ್ವರ ಬಂದಿತ್ತು. ನೀನು ಕೆಲಸದಿಂದ ಹಾಗೇ ಓಡಿಬಂದೆ, ಲಾಂಡ್ರಿ ಅಪ್ರನ್‌ನಲ್ಲೇ. ಟೀಚರು ನೀವು ಯಾರು ಅಂದ್ರು. ಅವರ ಮನೆ ಕೆಲಸದೋಳು, ಮಗೂನ ಕರ್ಕೊಂಡು ಹೋಗೋಕೆ ಕಳಿಸಿದ್ದಾರೆ ಅಂತ ನೀನು ಅಂದೆ. ನಂಗೆ ನಿದ್ದೆ ಬಂದಿದೆ ಅಂತ ನೀನು ಅಂದ್ಕೊಂಡಿದ್ದೆ. ಬಂದಿರ್ಲಿಲ್ಲ. ಬೆಂಚಿನ ಮೇಲೆ ಕಣ್ಣು ಮುಚ್ಚಿ ಮಲಗಿದ್ದೆ, ಅಷ್ಟೆ."

ತೇಪೆ ಅಕ್ಕನಿಗೆ ಮೈಯೆಲ್ಲ ಹಿಡಿಯಷ್ಟಾಯಿತು. ಆ ದಿನದ ಬಗ್ಗೆ ಅವಳು ಯಾರಿಗೂ ಹೇಳಿರಲಿಲ್ಲ. ಸಂಕಟವಾಗಿದ್ದರೂ, ಮಗಳಿಗಾಗಿ ಒಂದು ಒಳ್ಳೆಯ ಕೆಲಸ ಮಾಡಿದೆ, ಟೀಚರ ಮುಂದೆ ಮಗುವಿನ ಮರ್ಯಾದೆ ಉಳಿಸಿದೆ ಎಂದೇ ಇಷ್ಟು ವರ್ಷ ನಂಬಿಕೊಂಡಿದ್ದಳು.

"ನಿನ್ನ ಬೆನ್ನ ಮೇಲೆ ಮನೆ ತನಕ ಬಂದೆ," ಮಗಳು ಹೇಳಿದಳು. "ದಾರಿಯುದ್ದಕ್ಕೂ ಒಂದೇ ಯೋಚನೆ. ಇವಳು ಕೆಲಸದೋಳಾದ್ರೆ ನಮ್ಮಮ್ಮ ಎಲ್ಲಿದ್ದಾಳೆ ಅಂತ. ಕೇಳೋಕೆ ಹೆದರಿಕೆ. ಕೇಳಿದ್ರೆ ನೀನು ಹೌದು ಅಂದುಬಿಟ್ರೆ?"

ಬಚ್ಚಲಲ್ಲಿ ನಲ್ಲಿ ನಿಂತಿತು. ಮಕ್ಕಳು ಒದ್ದೆ ಕೈಗಳನ್ನು ಮುಂದೆ ಚಾಚಿಕೊಂಡು ಒಬ್ಬೊಬ್ಬರಾಗಿ ಬಾಗಿಲಲ್ಲಿ ಕಾಣಿಸಿಕೊಂಡರು.

ಇಷ್ಟು ಕಾಲ ತೇಪೆ ಅಕ್ಕ ಪಟ್ಟ ನಾಚಿಕೆ ಒಂದು ಬಗೆಯದು. ಸೋಡಾ ವಾಸನೆಗೆ, ಒಡೆದ ಬೆರಳಿಗೆ, ಯಾರೋ ಏನೋ ಅಂದಾರು ಎಂಬುದಕ್ಕೆ ಪಟ್ಟದ್ದು. ಈಗ ಬಂದದ್ದರ ಮುಂದೆ ಅದು ಏನೂ ಅಲ್ಲ. ಜ್ವರದಲ್ಲಿ ಸುಡುತ್ತಿದ್ದ ಮಗುವನ್ನು ಬೆನ್ನಿಗೆ ಹೊತ್ತುಕೊಂಡು, ಅದನ್ನೇ ತಬ್ಬಲಿ ಮಾಡಿ ನಡೆದಿದ್ದಳು. ಇವತ್ತು ಅದನ್ನೇ ಇನ್ನೊಮ್ಮೆ ಮಾಡಿದಳು, ಅದೂ ಕೈಮುಗಿದು.

"ನಾನು ಹೇಳಲ್ಲ," ಎಂದಳು ಮಗಳು. "ಬೆಳಗ್ಗೆಯಿಂದ ಹೇಳ್ಬೇಕು ಅಂತಿದ್ದೆ. ಈಗ ಹೇಳಲ್ಲ. ಪುಟ್ಟ ಬಂದಿದ್ದಾನೆ ನೋಡು. ಅವನ ಮುಂದೆ ನೀನು ಯಾರು ಅಂತ ನೀನೇ ಹೇಳು. ಏನು ಹೇಳ್ತೀಯೋ ನಾನೂ ಅದನ್ನೇ ಒಪ್ಕೋತೀನಿ."

ಮೊಮ್ಮಗ ಅರ್ಧ ಕರಗಿದ ಮೀಸೆಯಲ್ಲಿ ನಿಂತು ಒಮ್ಮೆ ಅಮ್ಮನ, ಒಮ್ಮೆ ಅಜ್ಜಿಯ ಮುಖ ನೋಡುತ್ತಿದ್ದ. ತೇಪೆ ಅಕ್ಕ ಬ್ಯಾಂಕಿನ ಹೆಂಗಸಿನ ಕಡೆ ತಿರುಗಿದಳು. ಆಕೆಯ ಮುಖ ನೋಡಲಾಗಲಿಲ್ಲ. ಆಕೆಯ ಕಾಲ ಬಳಿ ಬಿದ್ದಿದ್ದ ಹಾಯಿಯನ್ನು ನೋಡುತ್ತಾ ಹೇಳಿದಳು.

"ನಾನು ಇವಳ ಅಮ್ಮ. ಆಸ್ಪತ್ರೆ ಲಾಂಡ್ರೀಲಿ ಬೆಡ್‌ಶೀಟಿಗೆ ತೇಪೆ ಹಾಕೋ ಕೆಲಸ ನಂದು. ಆ ಮೂಲೆ ಕತ್ತರಿಸ್ಬೇಕಿತ್ತು, ಕತ್ತರಿಸ್ಲಿಲ್ಲ."

ಬ್ಯಾಂಕಿನ ಹೆಂಗಸು ಮುಂದಕ್ಕೆ ಬಾಗಿದಳು.

"ಏನಂದ್ರಿ? ಕೇಳಿಸ್ಲಿಲ್ಲ."

ತೇಪೆ ಅಕ್ಕ ಎಲ್ಲವನ್ನೂ ಮೊದಲಿನಿಂದ, ಗಟ್ಟಿಯಾಗಿ, ಇನ್ನೊಮ್ಮೆ ಹೇಳಬೇಕಾಯಿತು.